ಕ್ಯಾಮೆರಾಕ್ಕೂ ಬಂತು ಸಿಂಗಾರ!

ಸೀರೆಗೆ ಒಪ್ಪುವ ಕೈಚೀಲ ಹುಡುಕುವುದು ನಮಗೆಲ್ಲ ಗೊತ್ತು. ಕ್ಯಾಮೆರಾಕ್ಕೂ ಅಂಥ ಸಿಂಗಾರ ಮಾಡ್ತಾರೆ ಅಂದರೆ ನಂಬುತ್ತೀರಾ ಸೋದರಿಯರೇ? 1837ರಲ್ಲಿ ಕುದುರೆ ಸಾಜು ಹೊಲಿಯುತ್ತ ಶುರುವಾಗಿ, ಈಗ ಕೈಚೀಲಕ್ಕೆ ಹೆಸರಾದ ಪ್ಯಾರಿಸ್ಸಿನ ಎರ್ಮೆಸ್‌ನವರು ಜರ್ಮನಿಯ ಲೈಕಾ ಕಂಪನಿಯ ಜೊತೆ ಸೇರಿ 2012ರಲ್ಲಿ ಎಂ9-ಪಿ ಎಂಬ ಕ್ಯಾಮೆರಾಕ್ಕೆ ಕಾವಿ ಬಣ್ಣದ ಮೆತ್ತನೆಯ ಕರುವಿನ ಚರ್ಮ ಹೊದಿಸಿದರು. ಮೈಕಟ್ಟು ತಿದ್ದಿದವರು ಕಾರುಗಳ ವಿನ್ಯಾಸಕಾರ ವಾಲ್ಟರ್ ಡಿ ಸಿಲ್ವಾ. ಮಾಡಿದ್ದು 300 ಮಾತ್ರ, ಬೆಲೆ ಒಂದಕ್ಕೆ 25,000 ಡಾಲರ್! ಮೂರು ಲೆನ್ಸು, ಚೀಲ ಸಮೇತ ಇನ್ನೂ 100 ಬಂದವು, ಅವಕ್ಕೆ 50,000. ಆ ನೂರಕ್ಕೆ ಎರ್ಮೆಸ್‌ನ ಯಜಮಾನರಾಗಿದ್ದ ಜಾನ್-ಲೂಯಿ ದ್ಯುಮಾ ಅವರ ಹೆಸರು. ಅವರೂ ಲೈಕಾ ಹಿಡಿದು ಫೋಟೋ ತೆಗೆಯುತ್ತಿದ್ದವರೇ.

ಚರ್ಮದ ಕೆಲಸ ಚೆಂದವೇ, ಹೊಟ್ಟೆಕಿಚ್ಚಿಗೆ ಹೇಳ್ತಿಲ್ಲ. ಆದರೆ ಒಳಗಿದ್ದದ್ದು ಸಾದಾ ಎಂ9ರದೇ ಸೆನ್ಸರು, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಬಿಲ್ಲೆ. ಎಷ್ಟೋ ಕ್ಯಾಮೆರಾಗಳಲ್ಲಿ ಅದರ ಮೇಲಿನ ಗಾಜು ವರ್ಷ ಕಳೆದಂತೆ ಸವೆದು ಫೋಟೋದಲ್ಲಿ ಚುಕ್ಕೆ ಬೀಳತೊಡಗಿತು. ಕಂಪನಿ ಕೆಲವು ವರ್ಷ ಬದಲಾಯಿಸಿಕೊಟ್ಟು, ಆಮೇಲೆ ಬಿಡಿಭಾಗ ಮುಗಿಯಿತೆಂದು ನಿಲ್ಲಿಸಿತು. ಚರ್ಮಕ್ಕೆ ಕೊಟ್ಟ ದುಡ್ಡು ಇದಕ್ಕೆ ಅಡ್ಡ ಬಂತೇ?

ಇದೇ ಜೋಡಿ 2009ರಲ್ಲಿ ತಂದ ಎಂ7 ರೀಲು ಹಾಕುವ ಕ್ಯಾಮೆರಾ, ಅದಕ್ಕೆ ಈ ಕಾಯಿಲೆಯೇ ಇಲ್ಲ. ಯಾರಾದರೂ ಉಡುಗೊರೆ ಕೊಡುವುದಾದರೆ ನಾನಂತೂ ಅದನ್ನೇ ಕೇಳಿಯೇನು!