ಸಾಕ್ಷಿ ನುಡಿದ ವಿದ್ವತ್ತು

ಪ್ರಭುತ್ವವು ಒಂದು ಜನಸಮುದಾಯದ ರಕ್ಷಣೆಯಿಂದ ಕೈತೊಳೆದುಕೊಂಡು, ನ್ಯಾಯಸ್ಥಾನಗಳು ಮೌನವಹಿಸಿ, ಪತ್ರಿಕೆಗಳು ಕೊಲೆಗಡುಕರ ಮಾತನ್ನೇ ವಾರ್ತೆಯೆಂದು ಅಚ್ಚುಹಾಕುತ್ತಿದ್ದ ಕಾಲದಲ್ಲಿ, ಆ ಸಮುದಾಯದ ವಿದ್ಯಾವಂತರ ಕರ್ತವ್ಯವೇನೆಂಬ ಪ್ರಶ್ನೆಗೆ ಅಮೆರಿಕೆಯ ಕಪ್ಪು ಚಿಂತಕರು ತಮ್ಮ ಗ್ರಂಥಗಳಿಂದ ಮಾತ್ರವಲ್ಲದೆ ಬಾಳಿನಿಂದಲೂ ಉತ್ತರವಿತ್ತರು. ಗುಲಾಮಗಿರಿಯು 1865ರಲ್ಲಿ ಶಾಸನದಿಂದ ಅಳಿಯಿತಾದರೂ, ದಕ್ಷಿಣದ ರಾಜ್ಯಗಳು ಕೆಲವೇ ದಶಕಗಳಲ್ಲಿ ಕಪ್ಪು ಜನರ ಮತಾಧಿಕಾರವನ್ನು ಕಸಿದುಕೊಂಡವು. ವಿಚಾರಣೆಯಿಲ್ಲದ ಗುಂಪುಹತ್ಯೆಯು ಅಲ್ಲಿ ನಿತ್ಯದ ಭೀತಿಯಾಯಿತು.

ಗುಲಾಮ ತಾಯಿತಂದೆಯರಿಗೆ 1862ರಲ್ಲಿ ಜನಿಸಿದ ಐಡಾ ಬಿ. ವೆಲ್ಸ್ ಅವರು ಮೆಂಫಿಸ್ ನಗರದ ‘ಫ್ರೀ ಸ್ಪೀಚ್’ ಪತ್ರಿಕೆಯ ಸಂಪಾದಕಿಯಾಗಿದ್ದರು. ಅವರ ಮಿತ್ರ ಥಾಮಸ್ ಮಾಸ್ ಅವರನ್ನೂ ಇಬ್ಬರು ಸಂಗಡಿಗರನ್ನೂ 1892ರ ಮಾರ್ಚ್ ತಿಂಗಳಿನಲ್ಲಿ ಗುಂಪೊಂದು ಸೆರೆಮನೆಯಿಂದ ಎಳೆದೊಯ್ದು ಗುಂಡಿಟ್ಟು ಕೊಂದಿತು. ಅವರ ದಿನಸಿ ಅಂಗಡಿಯು ನೆರೆಯ ಬಿಳಿಯ ವರ್ತಕನಿಗೆ ಪೈಪೋಟಿ ನೀಡುತ್ತಿದ್ದುದೇ ಈ ವೈರದ ಮೂಲ. ಇಂಥ ಕೊಲೆಗಳು ಸ್ತ್ರೀಯರ ಮಾನರಕ್ಷಣೆಗಾಗಿ ನಡೆಯುತ್ತವೆಂಬ ಪ್ರಚಾರವು ಸುಳ್ಳೆಂದು ವೆಲ್ಸ್ ಬರೆದರು. ಅವರು ಊರಿನಲ್ಲಿಲ್ಲದಾಗ ಪತ್ರಿಕಾಲಯವು ಧ್ವಂಸವಾಯಿತು. ಅವರು ಲೇಖನಿಯನ್ನು ಕೆಳಗಿಡಲಿಲ್ಲ. 1895ರ ‘ಎ ರೆಡ್ ರೆಕಾರ್ಡ್’ ಎಂಬ ತಮ್ಮ ಪುಸ್ತಕವನ್ನು ಬಿಳಿಯರದೇ ಪತ್ರಿಕೆಯಾದ ‘ಷಿಕಾಗೊ ಟ್ರಿಬ್ಯೂನ್’ ಪ್ರಕಟಿಸಿದ್ದ ಅಂಕೆಗಳ ಮೇಲೆಯೇ ಕಟ್ಟಿ, ಹತರಾದ ಬಹುಮಂದಿಯ ಮೇಲೆ ಸ್ತ್ರೀಯರ ಮಾನಭಂಗದ ಆರೋಪವೇ ಇರಲಿಲ್ಲವೆಂದು ತೋರಿಸಿಕೊಟ್ಟರು.

ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ 1895ರಲ್ಲಿ ಡಾಕ್ಟರೇಟ್ ಪಡೆದ ಪ್ರಥಮ ಕಪ್ಪು ವಿದ್ವಾಂಸರಾದ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರು, ಸತ್ಯವನ್ನು ಶಾಸ್ತ್ರೀಯವಾಗಿ ನಿರೂಪಿಸಿದರೆ ಅನ್ಯಾಯವು ತಾನಾಗಿ ಕರಗುವುದೆಂದು ಮೊದಲಿಗೆ ನಂಬಿದ್ದರು. 1899ರಲ್ಲಿ ಸ್ಯಾಮ್ ಹೋಸ್ ಎಂಬ ಕೂಲಿಗಾರನ ಪ್ರಕರಣದ ಬಗೆಗೆ ಸಂಯಮದ ಹೇಳಿಕೆಯೊಂದನ್ನು ಬರೆದುಕೊಂಡು ಅಟ್ಲಾಂಟದ ಪತ್ರಿಕಾಲಯಕ್ಕೆ ನಡೆದುಹೋಗುತ್ತಿದ್ದಾಗ, ಹೋಸ್ ಆಗಲೇ ಗುಂಪುಹತ್ಯೆಗೆ ಬಲಿಯಾದನೆಂದೂ, ಅವನ ಬೆರಳ ಗೆಣ್ಣುಗಳನ್ನು ಅದೇ ಬೀದಿಯ ಅಂಗಡಿಯೊಂದರಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆಂದೂ ತಿಳಿದು, ಅವರು ಹಿಂದಿರುಗಿದರು. ನಿರ್ಲಿಪ್ತ ಸಂಶೋಧನೆಯಷ್ಟೇ ಸಾಲದೆಂದು ಅಂದು ಮನಗಂಡ ಅವರು, 1910ರಲ್ಲಿ ‘ದಿ ಕ್ರೈಸಿಸ್’ ಮಾಸಪತ್ರಿಕೆಯನ್ನು ಆರಂಭಿಸಿದರು. ಅದರ ಪ್ರಸಾರವು 1919ರ ವೇಳೆಗೆ ಸುಮಾರು 1,00,000 ಪ್ರತಿಗಳಿಗೇರಿತು.

ಈ ಮಾರ್ಗಕ್ಕೆ ತೆರಬೇಕಾದ ಬೆಲೆಯೂ ದೊಡ್ಡದು. ಅಣ್ವಸ್ತ್ರಗಳನ್ನು ವಿರೋಧಿಸಿದ ವೃದ್ಧ ಡುಬಾಯ್ಸ್ ಅವರನ್ನು ಸರಕಾರವು 1951ರಲ್ಲಿ ಪರದೇಶದ ಏಜೆಂಟರೆಂಬ ಆರೋಪದ ಮೇಲೆ ನ್ಯಾಯಾಲಯಕ್ಕೆಳೆಯಿತು. ಆರೋಪವು ಬಿದ್ದುಹೋದರೂ, 1958ರವರೆಗೆ ಅವರಿಗೆ ಪಾಸ್‌ಪೋರ್ಟ್ ದೊರೆಯಲಿಲ್ಲ. ಆದರೆ ಅವರ ಮಾತು ಗಡಿಗಳನ್ನು ಆಗಲೇ ದಾಟಿತ್ತು: ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೋರಿ ಡಾ. ಅಂಬೇಡ್ಕರರು 1946ರಲ್ಲಿ ಅವರಿಗೆ ಪತ್ರ ಬರೆದಿದ್ದರು; ಡುಬಾಯ್ಸ್ ಸಹಾನುಭೂತಿಯಿಂದ ಉತ್ತರಿಸಿದ್ದರು.

ಪ್ರಮಾಣವಿಲ್ಲದ ಆವೇಶವು ಬೇಗ ಆರುತ್ತದೆ. ಧೈರ್ಯವಿಲ್ಲದ ಪಾಂಡಿತ್ಯವು ಕಪಾಟಿನಲ್ಲಿ ಉಳಿಯುತ್ತದೆ. ಪ್ರಮಾಣವನ್ನೂ ಧೈರ್ಯವನ್ನೂ ಒಂದೇ ಬಾಳಿನಲ್ಲಿ ಕೂಡಿಸಿದ್ದೇ ಇವರ ಹಿರಿಮೆ. ಗುಂಪುಹತ್ಯೆಯನ್ನು ರಾಷ್ಟ್ರೀಯ ಅಪರಾಧವೆಂದು ಸಾರುವ ಶಾಸನಕ್ಕೆ ಅಮೆರಿಕೆಯ ಅಧ್ಯಕ್ಷರ ಅಂಕಿತ ಬಿದ್ದುದು, ಮೆಂಫಿಸಿನ ಕೊಲೆಗಳಾಗಿ 130 ವರ್ಷ ಕಳೆದ ಮೇಲೆ, 2022ರ ಮಾರ್ಚ್ 29ರಂದು. ಆ ವಿಳಂಬದ ಹೊಣೆ ಅಧಿಕಾರದಲ್ಲಿದ್ದವರದು. ಸಾಕ್ಷ್ಯವನ್ನು ಸಕಾಲದಲ್ಲಿ ಒದಗಿಸಿದವರದಲ್ಲ.