ಕುತ್ತಿಗೆಯಲ್ಲೊಂದು ಹೆಚ್ಚುವರಿ ಪಕ್ಕೆಲುಬು

ತಲೆಯನ್ನು ಮುಂದಕ್ಕೆ ಬಾಗಿಸಿ, ಅಂಗಿಯ ಕಾಲರ್ ತಾಗುವ ಜಾಗದಲ್ಲಿ ಬೆರಳಾಡಿಸಿ ನೋಡಿ. ಗಟ್ಟಿಯಾದ ಒಂದು ಉಬ್ಬು ಸಿಗುತ್ತದಲ್ಲವೇ? ಹೆಚ್ಚಿನವರಲ್ಲಿ ಅದು ಕುತ್ತಿಗೆಯ ಏಳನೆಯ, ಅಂದರೆ ಕೊನೆಯ ಬೆನ್ನುಮಣಿ. ನಿಮಗಷ್ಟೇ ಅಲ್ಲ, ಹಟ್ಟಿಯಲ್ಲಿರುವ ದನಕ್ಕೂ ಉದ್ದ ಕೊರಳಿನ ಜಿರಾಫೆಗೂ ಕುತ್ತಿಗೆಯಲ್ಲಿ ಏಳೇ ಮಣಿಗಳು! ಅದರ ಕೆಳಗಿನ ಮಣಿಯಿಂದ ಪಕ್ಕೆಲುಬುಗಳು ಶುರು. ಒಟ್ಟು 12 ಜೊತೆ.

ಆದರೆ ಸುಮಾರು 100ರಿಂದ 200 ಜನರಲ್ಲಿ ಒಬ್ಬರಿಗೆ ಏಳನೆಯ ಮಣಿಯಿಂದಲೂ ಪಕ್ಕೆಲುಬು ಹೊರಟಿರುತ್ತದೆ. ಇದೇ ಕುತ್ತಿಗೆಯ ಪಕ್ಕೆಲುಬು. ತಾಯಿಯ ಗರ್ಭದಲ್ಲಿರುವಾಗ ಈ ಮಣಿಯ ಬದಿಯಲ್ಲಿ ಪಕ್ಕೆಲುಬಿನ ಸಣ್ಣ ಮೊಳಕೆ ಎಲ್ಲರಲ್ಲೂ ಮೂಡುತ್ತದೆ. ಸಾಮಾನ್ಯವಾಗಿ ಅದು ಮಣಿಯೊಂದಿಗೇ ಬೆಸೆದುಹೋಗುತ್ತದೆ. ಕೆಲವರಲ್ಲಿ ಮಾತ್ರ ಬೆಳೆದುಬಿಡುತ್ತದೆ. ಒಂದೇ ಬದಿಗಿರಬಹುದು, ಎರಡೂ ಬದಿಗಿರಬಹುದು. ಹುಡುಗಿಯರಲ್ಲಿ ತುಸು ಹೆಚ್ಚು.

ಹೆಚ್ಚಿನವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಕೆಮ್ಮಿಗೆಂದು ಎದೆಯ ಎಕ್ಸ್-ರೇ ತೆಗೆಸಿದಾಗ ಆಕಸ್ಮಿಕವಾಗಿ ಕಾಣಿಸಿಕೊಳ್ಳುವುದೇ ಹೆಚ್ಚು. ಆದರೆ ಕೈಗೆ ಹೋಗುವ ನರಗಳೂ ರಕ್ತನಾಳವೂ ಇದೇ ಇಕ್ಕಟ್ಟಿನ ದಾರಿಯಲ್ಲಿ ಸಾಗುತ್ತವೆ. ಎಲುಬು ಅವುಗಳನ್ನು ಒತ್ತಿದರೆ ಕಿರುಬೆರಳಿನ ಕಡೆ ಜೋಮು ಹಿಡಿಯುತ್ತದೆ, ಬರೆಯುವಾಗ ಕೈ ಸೋಲುತ್ತದೆ, ಕೆಲವೊಮ್ಮೆ ಕೈ ತಣ್ಣಗಾಗಿ ಬಿಳಚಿಕೊಳ್ಳುತ್ತದೆ.

ಇನ್ನು ಕೆಲವು ಮಕ್ಕಳಿಗೆ ಭುಜದ ಮೇಲ್ಗಡೆ, ಕುತ್ತಿಗೆಯ ಬುಡದಲ್ಲಿ ಗಟ್ಟಿ ಗಂಟು ಕೈಗೆ ಸಿಗುತ್ತದೆ. ಮನೆಯವರು ಗೆಡ್ಡೆಯೆಂದು ಹೆದರುವುದುಂಟು. ಜ್ವರ, ಗಂಟಲುನೋವು ಬಂದಾಗ ಊದುವ ಗ್ರಂಥಿಗಳು ಬೆರಳಿನಡಿ ಜಾರುತ್ತವೆ, ಎಲುಬು ಅಲುಗುವುದಿಲ್ಲ. ಆದರೂ ಮುಟ್ಟಿ ನೋಡಿ ನೀವೇ ತೀರ್ಮಾನಿಸಬೇಡಿ, ಅಲುಗದ ಗಂಟಿಗೆ ಬೇರೆ ಕಾರಣಗಳೂ ಇವೆ. ಎಣ್ಣೆ ಹಚ್ಚಿ ತಿಕ್ಕಿಸುವುದಂತೂ ಬೇಡವೇ ಬೇಡ.

ವೈದ್ಯರು ಎರಡೂ ಕೈಗಳ ನಾಡಿ, ಬಲ ಹೋಲಿಸುತ್ತಾರೆ. ಬಳಿಕ ಎಕ್ಸ್-ರೇ. ಅದರಲ್ಲೊಂದು ಜಾಣ ಗುರುತಿದೆ: ಏಳನೆಯ ಮಣಿಯ ಬದಿಯ ಚಾಚು ಕೆಳಮುಖವಾಗಿರುತ್ತದೆ, ಅದರ ಕೆಳಗಿನ ಮಣಿಯದು ಮೇಲ್ಮುಖ. ಕೆಳಮುಖ ಚಾಚಿಗೆ ಅಂಟಿದ ಪಕ್ಕೆಲುಬೇ ಹೆಚ್ಚುವರಿಯದು. ಕೆಲವೊಮ್ಮೆ ಎಲುಬಿನ ತುದಿಯಿಂದ ನಾರಿನ ಪಟ್ಟಿ ಮುಂದುವರಿದಿರುತ್ತದೆ. ಅದು ಎಕ್ಸ್-ರೇಯಲ್ಲಿ ಕಾಣದು, ಬೇರೆ ಸ್ಕ್ಯಾನ್ ಬೇಕಾದೀತು. ತೊಂದರೆ ಇದ್ದವರಿಗೆ ಮೊದಲು ವ್ಯಾಯಾಮ, ಶಸ್ತ್ರಚಿಕಿತ್ಸೆ ಕೆಲವರಿಗಷ್ಟೇ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರಕಾರಿ ಶಾಲೆಗಳಿಗೆ ತಪಾಸಣೆಗೆ ಬರುತ್ತದೆ. ಜೋಮು, ಗಂಟು ಇದ್ದರೆ ಅವರಿಗೆ ಹೇಳಿ. ಇಲ್ಲವೇ ಮನೆಯವರೊಂದಿಗೆ ಕುಂದಾಪುರ, ಬೈಂದೂರು ಅಥವಾ ಬ್ರಹ್ಮಾವರದ ಸರಕಾರಿ ಆಸ್ಪತ್ರೆಗೆ ಹೋಗಿ. ಮಣಿಪಾಲಕ್ಕೆ ಶಾಲಾ ಪ್ರವಾಸ ಹೋದರೆ ಅಲ್ಲಿನ ಅಂಗರಚನಾ ಸಂಗ್ರಹಾಲಯದಲ್ಲಿ ಅಸ್ಥಿಪಂಜರಗಳಿವೆ. ತಲೆಬುರುಡೆಯ ಕೆಳಗಿನಿಂದ ಎಣಿಸುತ್ತ ಬನ್ನಿ. ಏಳನೆಯ ಮಣಿ ಸಿಗುತ್ತದೆಯೇ ನೋಡಿ.