ಕರುಳು ತಿರುಚಿದರೆ ಕರುಳಬಳ್ಳಿಯನ್ನೂ ನೋಡಬೇಕು

ನಾಯಿಯ ಸಣ್ಣ ಕರುಳನ್ನು ಬೀಸಣಿಗೆಯಂತೆ ಹರಡಿದ ತೆಳುಪೊರೆಯೊಂದು ಉದ್ದಕ್ಕೂ ಹಿಡಿದುಕೊಂಡಿರುತ್ತದೆ. ಆ ಬೀಸಣಿಗೆಯ ಹಿಡಿ ಬೆನ್ನುಮೂಳೆಯ ಕೆಳಗೆ ಒಂದೇ ಕಡೆ ಕಚ್ಚಿಕೊಂಡಿದೆ. ಕರುಳಿಗೆ ರಕ್ತ ತರುವ ಮುಖ್ಯ ಅಪಧಮನಿ ಹಾದುಬರುವುದೂ ಅಲ್ಲಿಂದಲೇ. ಇಡೀ ಕರುಳು ಆ ಬುಡದ ಸುತ್ತ ತಿರುಚಿಕೊಂಡರೆ ತೆಳುಗೋಡೆಯ ಅಭಿಧಮನಿಗಳು ಮೊದಲು ಮುಚ್ಚಿಹೋಗುತ್ತವೆ. ಒಳಬಂದ ರಕ್ತಕ್ಕೆ ಹೊರದಾರಿ ಇರುವುದಿಲ್ಲ. ನಸುಗೆಂಪಾಗಿದ್ದ ಕರುಳು ಕೆಲವೇ ಗಂಟೆಗಳಲ್ಲಿ ನೇರಳೆಹಣ್ಣಿನ ಬಣ್ಣಕ್ಕೆ ಬರುತ್ತದೆ. ಹೊಟ್ಟೆ ಉಬ್ಬುತ್ತದೆ, ವಸಡು ಬಿಳಿಚುತ್ತದೆ, ಭೇದಿಯಲ್ಲಿ ರಕ್ತ ಕಾಣುತ್ತದೆ. ತಡಮಾಡದೆ ಶಸ್ತ್ರಚಿಕಿತ್ಸೆ ಆಗದಿದ್ದರೆ ನಾಯಿ ಉಳಿಯುವುದಿಲ್ಲ, ಶಸ್ತ್ರಚಿಕಿತ್ಸೆ ಆದರೂ ಬಹಳ ನಾಯಿಗಳು ಉಳಿಯುವುದಿಲ್ಲ. ಬೆಳಗ್ಗೆ ಆಡಿಕೊಂಡಿದ್ದ ನಾಯಿ ರಾತ್ರಿಯೊಳಗೆ ಸತ್ತರೆ ಯಾರೋ ವಿಷ ಹಾಕಿದರೆಂಬ ಗುಮಾನಿ ಏಳುವುದು ಸಹಜ. ಅದರ ಅಪ್ಪ-ಅಮ್ಮ, ಒಡಹುಟ್ಟಿದವು ಹೇಗೆ ಸತ್ತವೆಂದು ವಿಚಾರಿಸುವವರು ಕಡಿಮೆ. ವಿಚಾರಿಸಬೇಕು ಎಂಬುದೇ ಈ ಬರಹದ ವಾದ.

ಈ ತೊಂದರೆ ಎಲ್ಲ ತಳಿಗಳಲ್ಲೂ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಪಶುವೈದ್ಯರ ದಾಖಲೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಹೆಸರು ಜರ್ಮನ್ ಶೆಫರ್ಡ್. ಅಮೆರಿಕದ ಸೇನಾ ನಾಯಿಗಳ ದಾಖಲೆ ಜಾಲಾಡಿದವರಿಗೂ ಸಿಕ್ಕಿದ್ದು ಇದೇ ತಳಿ. ಜೊತೆಗೆ ಮೊದಲೇ ಜೀರ್ಣಾಂಗದ ಕಾಯಿಲೆ ಇದ್ದವುಗಳಿಗೆ ಅಪಾಯ ಹೆಚ್ಚು ಎಂಬ ಸುಳಿವು. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ ಹೋರಾಂಡ್ ಎಂಬ ಒಂದು ಗಂಡುನಾಯಿಯನ್ನು ಮೂಲಪುರುಷನನ್ನಾಗಿ ಇಟ್ಟುಕೊಂಡು ಈ ತಳಿಯನ್ನು ಕಟ್ಟಿದ. ಹೋರಾಂಡ್‌ನ ರಕ್ತವನ್ನೇ ಸುತ್ತಿಬಳಸಿ ಕೂಡಿಸಿದಾಗ ಕಿವಿಯ ನಿಲುವು, ಕೆಲಸದ ಚುರುಕು ಗಟ್ಟಿಯಾದಂತೆ ಕಣ್ಣಿಗೆ ಕಾಣದ ದೌರ್ಬಲ್ಯಗಳೂ ಗಟ್ಟಿಯಾಗಬಲ್ಲವು. ಬೀದಿನಾಯಿಗೂ ಕರುಳು ತಿರುಚಬಹುದಲ್ಲ ಎನ್ನುವವರಿದ್ದಾರೆ. ತಿರುಚಬಹುದು. ಆದರೆ ಯಾವ ನಾಯಿಗೂ ಆಗಬಹುದೆಂಬುದಕ್ಕೂ ಒಂದು ತಳಿಯಲ್ಲಿ ಅತಿಯಾಗಿ ಆಗುತ್ತದೆ ಎಂಬುದಕ್ಕೂ ವ್ಯತ್ಯಾಸವಿದೆ. ವಿವರಣೆ ಬೇಕಿರುವುದು ಎರಡನೆಯದಕ್ಕೆ.

ಫಿನ್ಲೆಂಡಿನ ಪಶುವೈದ್ಯ ಎಲಿಯಾಸ್ ವೆಸ್ಟರ್‌ಮಾರ್ಕ್ ಇಲ್ಲಿ ಒಂದು ಎಳೆ ಹಿಡಿದುಕೊಟ್ಟರು. ಮೇದೋಜೀರಕ ಗ್ರಂಥಿ ಬತ್ತಿಹೋಗಿ ಜೀರ್ಣರಸವೇ ಸುರಿಯದ ಕಾಯಿಲೆಯೊಂದು ಜರ್ಮನ್ ಶೆಫರ್ಡ್‌ಗಳಲ್ಲಿದೆ. ಅಂಥ ನಾಯಿ ಬಕಾಸುರನಂತೆ ತಿನ್ನುತ್ತದೆ, ಆದರೂ ಎಲುಬು ಎಣಿಸುವಷ್ಟು ಸೊರಗುತ್ತದೆ. ಹಳದಿಯಾದ, ಜಿಡ್ಡುಜಿಡ್ಡಾದ ಮಲ ರಾಶಿಗಟ್ಟಲೆ ಬರುತ್ತದೆ. ಅರಗದ ಅನ್ನ ಕರುಳಿನಲ್ಲಿ ಹುಳಿಯುತ್ತದೆ, ಗಾಳಿ ತುಂಬುತ್ತದೆ. 1978ರಿಂದ 1987ರ ನಡುವೆ ಈ ಕಾಯಿಲೆಯ ನಾಯಿಗಳಲ್ಲೇ 21ಕ್ಕೆ ಕರುಳು ತಿರುಚಿದ್ದನ್ನು ವೆಸ್ಟರ್‌ಮಾರ್ಕ್ ಮತ್ತು ಸಹೋದ್ಯೋಗಿ ವರದಿ ಮಾಡಿದರು. ಹಾಗಾದರೆ ಗ್ರಂಥಿಯ ಕಾಯಿಲೆ ವಂಶವಾಹಿಯಿಂದ ಬರುತ್ತದೆಯೇ? ಒಂದೇ ಜೀನಿನ ಸುಪ್ತ ದೋಷ, ಅಪ್ಪ-ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಪ್ರಕಟವಾಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಆ ನಂಬಿಕೆ ನಿಜವಾದರೆ ಕಾಯಿಲೆಯಿರುವ ಎರಡು ನಾಯಿಗಳನ್ನು ಕೂಡಿಸಿದಾಗ ಹುಟ್ಟುವ ಅಷ್ಟೂ ಮರಿಗಳಿಗೆ ಅದು ಬರಲೇಬೇಕು. ವೆಸ್ಟರ್‌ಮಾರ್ಕ್ ಮತ್ತು ಸಹೋದ್ಯೋಗಿಗಳು ಹಾಗೆ ಕೂಡಿಸಿ, ಮರಿಗಳನ್ನು ಆಯುಷ್ಯಪೂರ್ತಿ ಗಮನಿಸಿದರು. ಆರು ಮರಿಗಳಲ್ಲಿ ಕಾಯಿಲೆ ಬಂದದ್ದು ಎರಡಕ್ಕೆ. 2010ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಸರಳ ಲೆಕ್ಕ ಬಿದ್ದುಹೋಯಿತು.

ಇದನ್ನು ಹಿಡಿದು ಆನುವಂಶಿಕತೆಯೇ ಸುಳ್ಳು ಎನ್ನುವುದು ಅವಸರದ ಮಾತು. ಬಿದ್ದದ್ದು ಒಂದೇ ಜೀನಿನ ಕಥೆ. ಹಲವು ಜೀನುಗಳು ಸೇರಿ ನೆಲ ಹದಮಾಡುತ್ತವೆ, ಬೀಜ ಮೊಳೆಯುವುದು ಬೇರೆ ಕಾರಣಗಳಿಂದ ಎಂದು ಓದಿಕೊಳ್ಳುವುದು ಹೆಚ್ಚು ಸರಿ. ತಿರುಚು ಬಳುವಳಿಯಾಗಿ ಬರುವುದಿಲ್ಲ. ಬರುವುದು ತಿರುಚಿಗೆ ಎಡೆಕೊಡುವ ಒಡಲು. ಕರುಳಿನದಲ್ಲ, ಜಠರದ ತಿರುಚಿನ ಮೇಲೆ ನಡೆದ ದೊಡ್ಡ ಅಧ್ಯಯನವೂ ಇದೇ ದಿಕ್ಕು ತೋರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಗ್ಲಿಕ್‌ಮನ್ ತಂಡ 11 ತಳಿಗಳ ನಾಯಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2000ದಲ್ಲಿ ಲೆಕ್ಕ ಕೊಟ್ಟಿತು: ಹೆತ್ತವು, ಒಡಹುಟ್ಟಿದವು ಅಥವಾ ಮರಿಗಳಲ್ಲಿ ಒಂದಕ್ಕೆ ಜಠರ ತಿರುಚಿದ್ದರೆ ಈ ನಾಯಿಯ ಅಪಾಯ ಶೇ. 60ಕ್ಕೂ ಮೀರಿ ಏರುತ್ತದೆ. ಆಳವಾದ, ಕಿರಿದಾದ ಎದೆಗೂಡಿನ ಗ್ರೇಟ್ ಡೇನ್‌ಗಳಿಗೆ ಭಯ ಎಲ್ಲಕ್ಕಿಂತ ಹೆಚ್ಚು. ಎದೆಗೂಡಿನ ಆಕಾರ ವಂಶದಿಂದಲ್ಲದೆ ಇನ್ನೆಲ್ಲಿಂದ ಬರಬೇಕು? ಗಬಗಬನೆ ತಿನ್ನುವುದೂ ಅಪಾಯವೆಂದು ಅದೇ ಅಧ್ಯಯನ ಹೇಳಿತು. ಅಷ್ಟೇ ಅಲ್ಲ, ತಟ್ಟೆಯನ್ನು ಎತ್ತರದಲ್ಲಿಟ್ಟರೆ ಒಳ್ಳೆಯದೆಂಬ ಹಳೆಯ ಸಲಹೆ ತಿರುವುಮುರುವು, ಅದರಿಂದ ಅಪಾಯ ಹೆಚ್ಚುತ್ತದೆ ಎಂದೂ ಹೇಳಿತು. ಹಾಗಾಗಿ ಎಲ್ಲ ತಪ್ಪೂ ಊಟ ಹಾಕುವವರದು ಎನ್ನುವ ತಳಿಗಾರರ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಆದರೆ ಅದೇ ತಟ್ಟೆ, ಅದೇ ಅವಸರ ಒಂದು ಡ್ಯಾಶ್‌ಹಂಡ್‌ಗೆ ಆ ಮಟ್ಟದ ಗಂಡಾಂತರ ತರುವುದಿಲ್ಲ. ಒಂದೇ ಮನೆಯಲ್ಲಿ ಬೆಳೆದ ಬಂಧುಗಳಿಗೆ ಊಟವೂ ಒಂದೇ ಎಂಬ ಸಂದೇಹವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಆದರೂ ಮರಿಗಳು ಸಾಮಾನ್ಯವಾಗಿ ಎರಡು ತಿಂಗಳಿಗೆಲ್ಲ ಬೇರೆ ಬೇರೆ ಮನೆ ಸೇರುತ್ತವೆ ಎಂಬುದನ್ನೂ ತಕ್ಕಡಿಗೆ ಹಾಕಬೇಕು.

ರಕ್ತ ಪರೀಕ್ಷೆಯೊಂದು ಬರಲಿ, ಆಮೇಲೆ ನೋಡೋಣ ಎಂದು ಕಾಯುವ ತಳಿಗಾರರಿಗೆ ಎದುರಾಗುವ ತೊಡಕು ವಯಸ್ಸಿನದು. ತಿರುಚು ಬರುವ ಹೊತ್ತಿಗೆ ನಾಯಿ ಆಗಲೇ ಒಂದೆರಡು ಸೂಲು ಮರಿ ಹಾಕಿರಬಹುದು, ಗಂಡಾದರೆ ಹತ್ತಾರು ಕಡೆ ಸಂತಾನ ಹರಡಿರಬಹುದು. ಆಗ ನೆರವಿಗೆ ಬರುವುದು ಹಿಂದಿನವರ ವಿವರ ಮಾತ್ರ: ಅಜ್ಜಿಗೆ ಯಾವ ವಯಸ್ಸಿನಲ್ಲಿ ಏನಾಯಿತು, ಅಪ್ಪನ ಒಡಹುಟ್ಟಿದವುಗಳಲ್ಲಿ ಎಷ್ಟಕ್ಕೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಯಿತು. ಶುದ್ಧ ತಳಿಯ ಮರಿ ಕೊಂಡವರ ಕೈಗೆ ಬರುವ ವಂಶಾವಳಿಯ ಕಾಗದದಲ್ಲಿ ಅಪ್ಪ, ಅಜ್ಜ, ಮುತ್ತಜ್ಜನ ಹೆಸರುಗಳಿರುತ್ತವೆ, ಪ್ರದರ್ಶನದಲ್ಲಿ ಗೆದ್ದ ಬಿರುದುಗಳಿರುತ್ತವೆ. ಅವು ಸತ್ತದ್ದು ಹೇಗೆ ಎಂದು ಬರೆಯಲು ಅಲ್ಲಿ ಜಾಗವಿರುವುದಿಲ್ಲ; ಮುಂಗಡ ಕೊಡುವ ಮೊದಲು ಅದನ್ನು ಬಾಯಿಬಿಟ್ಟು ಕೇಳಿ, ಆ ಕಾಗದದ ಹಿಂಬದಿಯಲ್ಲೇ ಬರೆದಿಟ್ಟುಕೊಳ್ಳಬೇಕಾಗುತ್ತದೆ.